ಕಚ್ಚದ ಜೋಡು

ಮೀಸೆಯಣ್ಣನಿಗೆ ಆ ಹೆಸರು ಬಿದ್ದದ್ದು ಸಿನಿಮಾ ಟಾಕೀಸಿನ ಬಾಗಿಲಲ್ಲಿ. ಟಿಕೆಟ್ ಹರಿದು ಅರ್ಧ ಕೈಗೆ ಕೊಡುವುದು, ಕತ್ತಲಲ್ಲಿ ಬ್ಯಾಟರಿ ಬಿಟ್ಟು ಸೀಟು ತೋರಿಸುವುದು, ಇಷ್ಟೇ ಅವನ ಕೆಲಸ. ಆಳು ಬಾಗಿಲೆತ್ತರ, ಮೀಸೆಯೋ ಅರ್ಧ ಕೆನ್ನೆ ದಾಟಿ ಮೇಲಕ್ಕೆ ತಿರುಗಿದ್ದು. ಟಿಕೆಟಿಲ್ಲದೆ ನುಗ್ಗಲು ಬಂದ ಪುಂಡರು ಆ ಮೀಸೆ ಕಂಡೊಡನೆ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಒಳಗಿನ ಮನುಷ್ಯ ಮಾತ್ರ ಬೆಣ್ಣೆ. ಮನೆಯಲ್ಲಿ ಜಿರಲೆ ಕಂಡರೆ ಮಂಚದ ಮೇಲೆ ಹತ್ತಿ ನಿಂತು ಹೆಂಡತಿಯನ್ನು ಕೂಗುತ್ತಿದ್ದ.

ಆ ಕೆಲಸದ ಉದ್ದಕ್ಕೂ ಅವನ ಕಾಲಲ್ಲಿ ಇದ್ದದ್ದು ರಬ್ಬರಿನ ಹವಾಯಿ ಚಪ್ಪಲಿ. ಕತ್ತಲಲ್ಲಿ ಕಾಲು ಯಾರು ನೋಡುತ್ತಾರೆ? ಹಾಗಾಗಿ ಪಾದ ತನ್ನ ಪಾಡಿಗೆ ಅಗಲವಾಗಿ ಬೆಳೆದು, ಬೆರಳುಗಳು ಒಂದಕ್ಕೊಂದು ಜಗಳವಾಡಿದವರಂತೆ ದೂರ ದೂರ ನಿಂತಿದ್ದವು. ಸಕ್ಕರೆ ಕಾಯಿಲೆ ಬಂದೂ ವರ್ಷಗಳಾಗಿದ್ದವು. ನೆನಪಾದ ದಿನ ಮಾತ್ರೆ ನುಂಗುತ್ತಿದ್ದ. ಮಲಗಿದಾಗ ಅಂಗಾಲು ಉರಿದರೆ ಒದ್ದೆ ಟವೆಲ್ ಸುತ್ತಿಕೊಂಡು, "ಆಯಸ್ಸೆಲ್ಲ ನಿಂತೇ ಕಳೆದ ಕಾಲು, ಉರಿಯದೆ ಇನ್ನೇನು ಮಾಡುತ್ತೆ" ಎಂದು ಮಗ್ಗುಲು ಬದಲಿಸುತ್ತಿದ್ದ.

ಒಂದು ದಿನ ಟಾಕೀಸು ಮುಚ್ಚಿತು. ಮೀಸೆಯಣ್ಣ ಮನೆಯಲ್ಲಿ ಕೂತ. ಹೆಂಡತಿ ದರ್ಜಿಗಳಿಗೆ ಕಾಜಾ ಹಾಕಿ ಗುಂಡಿ ಹಚ್ಚಿಕೊಡುತ್ತಿದ್ದಳು. ಅವಳ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿಕೊಡುವುದೇ ಇವನ ಉದ್ಯೋಗವಾಯಿತು. ಆಗ ದಾರಿ ತೋರಿಸಿದವನು ಅಳಿಯ. ಅವನು ಟ್ಯಾಕ್ಸಿ ಓಡಿಸುವವನು, ಬಾಯಿಗೆ ಬ್ರೇಕಿಲ್ಲದವನು.

"ಮಾವ, ಸ್ಟೇಷನ್ ರಸ್ತೇಲಿ ದೊಡ್ಡ ಹೋಟೆಲ್ ಇದೆಯಲ್ಲ, ಅದನ್ನ ಅರಮನೆ ಥರ ಮಾಡ್ತಿದಾರೆ. ಬಾಗಿಲಿಗೆ ಒಬ್ಬರು ಬೇಕಂತೆ. ಓದು ಬರಹ ಏನೂ ಕೇಳಲ್ಲ. ನಿಮ್ಮ ಮೀಸೆ ಕಂಡ್ರೆ ಕಣ್ಣಿಗೊತ್ತಿಕೊಂಡು ಕರ್ಕೋತಾರೆ, ಬೇಕಾದ್ರೆ ಬರೆದುಕೊಡ್ತೀನಿ."

ಅವನು ಹೇಳಿದ ಹಾಗೇ ಆಯಿತು. ಮ್ಯಾನೇಜರು ಮೀಸೆಯಣ್ಣನನ್ನು ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ, "ಸೋಮವಾರ ಬನ್ನಿ" ಎಂದರು. ಉದ್ದ ಕೋಟು ಸರಿಹೋಯಿತು, ಸೊಂಟಪಟ್ಟಿ ಸರಿಹೋಯಿತು, ಪೇಟ ಹುಟ್ಟುವಾಗಲೇ ತಲೆಯ ಮೇಲಿತ್ತೇನೋ ಎನ್ನುವ ಹಾಗೆ ಕೂತಿತು. ಕಾಲಿಗೆ ತೊಡುವುದು ಮಾತ್ರ ಹೋಟೆಲಿನ ಸ್ಟೋರಿನಲ್ಲಿ ಇರಲಿಲ್ಲ. "ಹೋಗಿ ಆರಿಸಿಕೊಂಡು ಬನ್ನಿ" ಎಂದು ಮ್ಯಾನೇಜರು ಅವನನ್ನು ಸ್ಟೋರಿನವನ ಜೊತೆ ಚರ್ಮದ ಜೋಡಿನ ಅಂಗಡಿಗೆ ಕಳಿಸಿದರು.

ಆರಿಸಿಕೊಂಡು ಬನ್ನಿ ಎಂದದ್ದು ಅವನಿಗೆ ಬಹಳ ಹಿಡಿಸಿತ್ತು. ಬದುಕಿನಲ್ಲಿ ಅವನು ಆರಿಸಿದ್ದು ಅಂತ ಹೆಚ್ಚೇನೂ ಇರಲಿಲ್ಲ.

ಅಂಗಡಿಯೊಳಗೆ ಕಾಲಿಟ್ಟರೆ ಹದ ಮಾಡಿದ ಚರ್ಮದ ಘಮ. ನೆಲದಿಂದ ಸೂರಿನವರೆಗೆ ಜೋಡುಗಳು. ಅಂಗಡಿಯವನು ಚಾಪೆಯ ಮೇಲೆ ಒಂದೊಂದನ್ನೇ ಇಡುತ್ತ ಹೋದ. ಮೊದಲು ಬಂದದ್ದು ತೆರೆದ ಚಪ್ಪಲಿ. ಹೆಬ್ಬೆರಳಿಗೊಂದು ಉಂಗುರ, ಮೇಲೆ ಹೆಣೆದ ಪಟ್ಟಿ, ಕೆಳಗೆ ದಪ್ಪ ಅಟ್ಟೆ.

"ಇದರ ಹೊಲಿಗೆಯೆಲ್ಲ ಚರ್ಮದ ದಾರದ್ದೇ. ನೀರು ತಾಗಿಸದಿದ್ರೆ ನಿಮ್ಮ ನಂತರ ನಿಮ್ಮ ಅಳಿಯನೂ ಹಾಕ್ಕೋಬಹುದು."

"ಅವನಿಗೆ ಕೊಡಲ್ಲ" ಎಂದ ಮೀಸೆಯಣ್ಣ, ಕಾಲಿಟ್ಟು ನೋಡಿದ. ಪಾದ ಹಾಯಾಗಿ ಹರಡಿ ಕೂತಿತು. ನಿಂತ, ನಾಲ್ಕು ಹೆಜ್ಜೆ ನಡೆದ. "ಇದೇ ಸಾಕಲ್ಲ" ಎಂದ.

ಅಂಗಡಿಯವನು ಕೇಳಿಸದವನಂತೆ ಮುಂದಿನದನ್ನು ಇಟ್ಟ. ಮಖಮಲ್ಲಿನ ಮೋಜಡಿ, ಮೈತುಂಬ ಜರಿ. "ಇದು ಒಂದು ಸಂಜೆ ಹಾಕಿ ಬಿಚ್ಚಿಡೋರಿಗೆ. ನಿಮ್ಮ ಕೆಲಸಕ್ಕೆ ತಾಳಲ್ಲ." ಕೊನೆಗೆ ಮೇಲಿನ ಸಾಲಿನಿಂದ ಇಳಿದು ಬಂದದ್ದು ಪೂರ್ತಿ ಚರ್ಮದ ಮೋಜಡಿ. ಜೇನಿನ ಬಣ್ಣ, ಹಿಮ್ಮಡಿಯ ಮೇಲೆ ದಾರದ ಕಸೂತಿ, ತುದಿ ಹಕ್ಕಿಯ ಕೊಕ್ಕಿನಂತೆ ಮೇಲಕ್ಕೆ ಸುರುಳಿ ಸುತ್ತಿದ್ದು.

"ನಮ್ಮಜ್ಜ ಇದನ್ನ ಚಡಾವು ಅಂತಿದ್ರು" ಎಂದು ಮೀಸೆಯಣ್ಣ ಕೈಯಲ್ಲಿ ಹಿಡಿದು ತಿರುಗಿಸಿದ. "ಇದರಲ್ಲಿ ಎಡ ಯಾವುದು, ಬಲ ಯಾವುದು?"

"ಎಡ ಬಲ ಅಂತ ಇಲ್ಲ. ಎರಡೂ ಒಂದೇ ಅಚ್ಚು. ನೀವು ಹಾಕ್ತಾ ಹಾಕ್ತಾ ನಿಮ್ಮ ಕಾಲಿನ ಆಕಾರಕ್ಕೆ ಒಂದು ಎಡ ಆಗುತ್ತೆ, ಒಂದು ಬಲ ಆಗುತ್ತೆ."

"ಅಲ್ಲೀವರೆಗೆ?"

"ಅಲ್ಲೀವರೆಗೆ ಕಚ್ಚುತ್ತೆ."

ಸ್ಟೋರಿನವನು ಮೂರೂ ಜೋಡಿನ ಫೋಟೋ ತೆಗೆದು ಮ್ಯಾನೇಜರಿಗೆ ಕಳಿಸಿದ. ಮೀಸೆಯಣ್ಣ ತೆರೆದ ಚಪ್ಪಲಿಯನ್ನು ಕಾಲಿನಿಂದ ಬಿಚ್ಚದೆ ಕಾದು ಕೂತ. ಫೋನು ಟಿಂಗೆಂದಿತು. "ಕೊಕ್ಕಿನದು ಅಂತೆ" ಎಂದ ಸ್ಟೋರಿನವನು. ಆರಿಸುವ ಕೆಲಸ ಅಲ್ಲಿಗೆ ಮುಗಿಯಿತು.

ಮೀಸೆಯಣ್ಣನದು ಹತ್ತನೇ ನಂಬರಿನ ಕಾಲು. ಆ ನಮೂನೆ ಅಂಗಡಿಯಲ್ಲಿ ಒಂಬತ್ತಕ್ಕೇ ನಿಂತಿತ್ತು. ಹೇಳಿ ಮಾಡಿಸಿದರೆ ತಿಂಗಳು ಬೇಕು, ಹೋಟೆಲಿನ ಬಾಗಿಲು ತೆರೆಯುವುದು ಬರುವ ಸೋಮವಾರವೇ. "ಚರ್ಮ ಅಲ್ವಾ, ಹಾಕ್ತಾ ಹಾಕ್ತಾ ಹಿಗ್ಗುತ್ತೆ. ಹೊಸದರಲ್ಲಿ ಬಿಗಿ ಇದ್ರೇನೇ ಒಳ್ಳೇದು, ಸಡಿಲ ತಗೊಂಡವರು ಆಮೇಲೆ ಪಟಪಟ ಅಂತ ಬಡ್ಕೊಂಡು ಓಡಾಡ್ತಾರೆ" ಎಂದು ಅಂಗಡಿಯವನು ಮೊಣಕಾಲೂರಿ, ಹಿಮ್ಮಡಿಗೆ ಬೆರಳು ಕೊಟ್ಟು, ಒತ್ತಿ, ತುರುಕಿ, ಅಂತೂ ಕಾಲನ್ನು ಒಳಗೆ ಸೇರಿಸಿದ. ಹೊರಡುವಾಗ ಬುದ್ಧಿ ಹೇಳಿದ: "ಜೋಡು ಆರಿಸೋಕೆ ಯಾವಾಗಲೂ ಸಂಜೆ ಬರಬೇಕು. ಸಂಜೆಗೆ ಕಾಲು ಊದಿರುತ್ತೆ, ಸರಿಯಾದ ಅಳತೆ ಸಿಗುತ್ತೆ." ಇವರು ಬಂದದ್ದು ಬೆಳಿಗ್ಗೆ.

ಸೋಮವಾರ ಮೀಸೆಯಣ್ಣ ಗಾಜಿನ ಬಾಗಿಲ ಪಕ್ಕ ನಿಂತ. ಬಂದವರಿಗೆ ಬಾಗಿಲು ತೆರೆ, ಎದೆಗೆ ಕೈಯಿಟ್ಟು ಬಾಗು, ನಗು. ಮೊದಲ ಗಂಟೆ ಹಿತವಾಗಿತ್ತು. ಆಮೇಲೆ ಹಿಮ್ಮಡಿಯ ಅಂಚು ಕಚ್ಚತೊಡಗಿತು. ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ಬಸ್ಸಿನಲ್ಲಿ ನಿಂತ ಜನರಂತೆ ಒಂದರ ಮೇಲೊಂದು ಬಿದ್ದಿದ್ದವು. ಸಂಜೆ ಅಂಗಡಿಯವನು ಹೇಳಿದ ಹಾಗೆ ಕಾಲು ಊದಿತು, ಚರ್ಮ ಊದಲಿಲ್ಲ. ಕೂರಲು ಸ್ಟೂಲಿಲ್ಲ. ಕಾಲುಚೀಲ ಹಾಕಿದರೆ ಕಾಣುತ್ತದೆ, ಬೇಡ ಎಂದಿದ್ದರು. ಹಲ್ಲು ಕಚ್ಚಿ ನಿಂತು ನಗುತ್ತಿದ್ದ ಅವನ ಮುಖವನ್ನು ಅವತ್ತೇ ಒಬ್ಬ ಫೋಟೋಗ್ರಾಫರು ಹತ್ತಾರು ಸಲ ಕ್ಲಿಕ್ಕಿಸಿದ.

ಮನೆಗೆ ಬಂದು ಜೋಡು ಬಿಚ್ಚುವಾಗ ಹೆಂಡತಿ ಒಂದು ಕಡೆ ಎಳೆದಳು, ಅವತ್ತು ತವರಿಗೆ ಬಂದಿದ್ದ ಮಗಳು ಇನ್ನೊಂದು ಕಡೆ. ಹಿಮ್ಮಡಿಯಲ್ಲಿ ನಿಂಬೆಹಣ್ಣಿನಷ್ಟು ಬೊಕ್ಕೆ.

"ಅಯ್ಯೋ ಇದೇನ್ರೀ, ನೀವು ಜೋಡು ಹಾಕ್ಕೊಂಡಿದೀರೋ, ಜೋಡು ನಿಮ್ಮನ್ನ ಹಾಕ್ಕೊಂಡಿದೆಯೋ?"

ಅಂದಿನಿಂದ ಮನೆಯಲ್ಲಿ ಜೋಡಿನ ಆರೈಕೆ ಶುರುವಾಯಿತು. ಹರಳೆಣ್ಣೆ ಸವರಿ ಬಿಸಿಲಿಗಿಟ್ಟರು. ಅಂಚಿಗೆ ಮೇಣದಬತ್ತಿ ಉಜ್ಜಿದರು. ಒದ್ದೆ ಪೇಪರು ತುರುಕಿದರು. ದಿನ ಬಿಟ್ಟು ದಿನ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡಿದರು. ನೋವು ಮಾತ್ರ ಎರಡೂ ಕಡೆ ಸಮನಾಗಿ ಹಂಚಿಹೋಯಿತು. ಅಳಿಯ ಬಂದು, "ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಜೋಡಿನ ಒಳಗಿಟ್ಟು ಫ್ರಿಜ್ಜಲ್ಲಿಡಿ. ಮಂಜುಗಡ್ಡೆ ಹಿಗ್ಗುತ್ತೆ, ಜೋಡೂ ಹಿಗ್ಗುತ್ತೆ. ಇದು ಸೈನ್ಸು ಮಾವ" ಎಂದ. ಪಕ್ಕದ ಮನೆಯವರ ಫ್ರಿಜ್ಜಿನಲ್ಲಿ ಇಟ್ಟೂ ಆಯಿತು. ಚೀಲ ಒಡೆದು, ಬೆಳಿಗ್ಗೆ ನೋಡಿದರೆ ಜೋಡೇ ಗಡ್ಡೆಕಟ್ಟಿ ಕೂತಿತ್ತು. ಒಲೆಯ ಬಳಿ ಹಿಡಿದು ಕರಗಿಸಿ, ತಣ್ಣಗೆ ಕೊರೆಯುವುದನ್ನೇ ತೊಟ್ಟುಕೊಂಡು ಮೀಸೆಯಣ್ಣ ಕೆಲಸಕ್ಕೆ ಓಡಿದ. ಅಳಿಯ ಸ್ವಲ್ಪ ದಿನ ಆ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಮೀಸೆಯಣ್ಣ ಮ್ಯಾನೇಜರ ಕೋಣೆಗೆ ಹೋಗಿ ನಿಂತ.

"ಸಾರ್, ಒಂದು ನಂಬರ್ ದೊಡ್ಡದು ಮಾಡಿಸಿಕೊಡ್ತೀರಾ? ಇಲ್ಲಾಂದ್ರೆ ಆ ತೆರೆದ ಚಪ್ಪಲಿ..."

ಮ್ಯಾನೇಜರು ಕೆಟ್ಟವರಲ್ಲ. ಕುರ್ಚಿ ತೋರಿಸಿ ಕೂರಿಸಿದರು. ಮೇಜಿನ ಮೇಲಿದ್ದ ಬಣ್ಣದ ಹಾಳೆಯೊಂದನ್ನು ಮುಂದೆ ತಳ್ಳಿದರು. ಹೋಟೆಲಿನ ಜಾಹೀರಾತು. ಅದರ ತುಂಬ ಮೀಸೆಯಣ್ಣ, ಪೇಟದಿಂದ ಕೊಕ್ಕಿನವರೆಗೆ.

"ಇದನ್ನ ಎಲ್ಲ ಕಡೆ ಹಂಚಿಬಿಟ್ಟಿದಾರೆ ಅಣ್ಣ. ದೊಡ್ಡದಕ್ಕೆ ಬರೆದಿದೀನಿ, ಮೇಲಿನವರು ಮುಂದಿನ ವರ್ಷದ ಖರೀದಿಲಿ ನೋಡೋಣ ಅಂತಾರೆ. ನನ್ನ ಕೈಲೇನಿದೆ ಹೇಳಿ? ಈ ಟೈ ನೋಡಿ. ದಿನಾ ಉಸಿರು ಕಟ್ಟುತ್ತೆ. ಬಿಚ್ಚೋ ಹಾಗಿಲ್ಲ."

ಮೀಸೆಯಣ್ಣನಿಗೆ ಅವರ ಮೇಲೇ ಕನಿಕರ ಹುಟ್ಟಿತು. ಕ್ಷಮೆ ಕೇಳಿ ಎದ್ದು ಬಂದ.

ತಿಂಗಳುಗಳು ಉರುಳಿದವು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೂತಾಗ ಅವನಿಗೆ ಹೊಳೆಯಿತು: ಬೆಳಿಗ್ಗೆಯಿಂದ ಜೋಡಿನ ನೆನಪೇ ಆಗಿರಲಿಲ್ಲ! ಎದ್ದು ನಿಂತ. ಬೆರಳೊತ್ತಿ ನಿಂತ, ಹಿಮ್ಮಡಿಯೊತ್ತಿ ನಿಂತ. ಎಲ್ಲೂ ಕಚ್ಚುತ್ತಿಲ್ಲ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ, ಚರ್ಮ ಹಿಗ್ಗಿತ್ತು. ಸಂಜೆ ಮನೆಗೆ ಬರುತ್ತಲೇ ಹೊಸ್ತಿಲಲ್ಲಿ ನಿಂತು ಕುಣಿದು ತೋರಿಸಿದ. ಹೆಂಡತಿ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಹಿಮ್ಮಡಿಯ ಹಳೆ ಗಾಯಕ್ಕೆ ಮುಲಾಮು ಹಚ್ಚುತ್ತ, "ಉರಿಯಲ್ವಾ?" ಎಂದಳು.

"ಒಂಚೂರೂ ಇಲ್ಲ ಕಣೇ. ಮಲಗಿದಾಗ ಉರೀತಿತ್ತಲ್ಲ, ಅದೂ ಇಲ್ಲ ಈಗ."

"ಸದ್ಯ" ಎಂದು ಅವಳು ಕೈ ಮುಗಿದಳು.

ಆಮೇಲಿನ ದಿನಗಳು ಮೀಸೆಯಣ್ಣನ ಬದುಕಿನಲ್ಲೇ ಒಳ್ಳೆಯ ದಿನಗಳು. ನಡಿಗೆಗೆ ಗತ್ತು ಬಂತು. ಅತಿಥಿಗಳು ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಮದುವೆಗೆಂದು ಹೊಸ ಮೋಜಡಿ ಕೊಂಡು ಕುಂಟುತ್ತಿದ್ದ ಗಂಡೊಬ್ಬ ಬಾಗಿಲಲ್ಲಿ ನಿಂತು, "ನೀವು ದಿನವಿಡೀ ಹೇಗೆ ನಿಲ್ತೀರಪ್ಪಾ ಇದರಲ್ಲಿ?" ಎಂದು ಕೇಳಿದಾಗ ಅವನ ಎದೆ ಉಬ್ಬಿತು.

"ಕಚ್ಚಲಿ ಬಿಡಿ ಸಾರ್. ಹಿಮ್ಮಡಿಗೆ ಒಂಚೂರು ಮೇಣ ಉಜ್ಜಿ, ಮನೇಲಿ ದಿನಾ ಸ್ವಲ್ಪ ಹೊತ್ತು ಹಾಕ್ಕೊಂಡು ಓಡಾಡಿ. ನಾವು ಬಿಡದೇ ಇದ್ರೆ ಅದೇ ದಾರಿಗೆ ಬರುತ್ತೆ."

ಗಂಡು ತಲೆಯಾಡಿಸಿ, ಅವನ ಕೈ ಕುಲುಕಿ ಹೋದ.

ಒಂದು ದಿನ ಬಲಗಾಲಿನ ಜೋಡಿನ ಮುಂಭಾಗದ ಹೊಲಿಗೆ ಬಿಟ್ಟು ಅಟ್ಟೆ ಬಾಯಿ ತೆರೆಯಿತು. ರಸ್ತೆಯಾಚೆ ಮರದಡಿ ಕೂರುವ ಚಪ್ಪಲಿ ಹೊಲಿಯುವವನ ಬಳಿ ಒಯ್ದ. ಅವನು ತಿರುಗಿಸಿ ನೋಡಿ, "ಇದನ್ನ ಪೂರ್ತಿ ಬಿಚ್ಚಿ ಹೊಲೀಬೇಕು, ಬಿಟ್ಟು ಹೋಗಿ" ಎಂದ.

"ಬಿಟ್ಟು ಹೋಗೋ ಹಾಗಿಲ್ಲಪ್ಪ, ಇದಿಲ್ಲದೆ ಬಾಗಿಲಲ್ಲಿ ನಿಲ್ಲೋ ಹಾಗಿಲ್ಲ."

"ಹಾಗಾದ್ರೆ ಸದ್ಯಕ್ಕೆ ಎರಡು ಮೊಳೆ ಹೊಡೆದಿರ್ತೀನಿ. ರಜಾ ಸಿಕ್ಕಿದ ದಿನ ತಂದುಕೊಡಿ. ಮರೀಬೇಡಿ, ಇದು ಮೊಳೆಯ ಜೋಡಲ್ಲ."

ಮೊಳೆ ಹೊಡೆದು, ಒಳಗೆ ಬೆರಳಾಡಿಸಿ ನೋಡಿ ಕೊಟ್ಟ. ಆ ವಾರ ಹೋಟೆಲಿನಲ್ಲಿ ಯಾವುದೋ ಸಮ್ಮೇಳನ. ರಜೆ ಸಿಗಲಿಲ್ಲ, ಮೀಸೆಯಣ್ಣನೂ ಮರೆತ.

ಸಮ್ಮೇಳನ ಮುಗಿದ ಸಂಜೆ ಮನೆಗೆ ಬಂದು, ಜೋಡು ಬಿಚ್ಚಿ, ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದ. ಹೆಂಡತಿ ಗುಂಡಿ ಹಚ್ಚುತ್ತಿದ್ದವಳು ತಲೆಯೆತ್ತಿದಳು. ಆಗಷ್ಟೇ ಒರೆಸಿದ ನೆಲದ ಮೇಲೆ, ಬಾಗಿಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಅವನು ನಿಂತಲ್ಲಿಗೆ, ಒಂದು ಬಿಟ್ಟು ಒಂದು ಹೆಜ್ಜೆ ಕೆಂಪಗಿತ್ತು.

"ರೀ, ಏನು ತುಳಿದ್ರಿ?"

"ಏನೂ ಇಲ್ಲವಲ್ಲ."

"ಕೂತ್ಕೊಳ್ಳಿ. ಕಾಲೆತ್ತಿ."

ಹೆಬ್ಬೆರಳ ಪಕ್ಕದ ಬೆರಳಿನ ಬುಡದಲ್ಲಿ ತೂತು. ಸುತ್ತ ಮಾಂಸ ಬೆಳ್ಳಗೆ ನೆನೆದಿತ್ತು. ಅವಳು ಜೋಡಿನೊಳಗೆ ಕೈಹಾಕಿ ಥಟ್ಟನೆ ಹಿಂದೆಗೆದಳು. ಮೊಳೆಯೊಂದು ಮೇಲೆದ್ದು ನಿಂತಿತ್ತು. ಅದರ ಮೇಲೆ ಅವನು ಆ ದಿನವಿಡೀ, ಬಹುಶಃ ಹಿಂದಿನ ದಿನವೂ, ಬಾಗುತ್ತ ನಗುತ್ತ ನಿಂತಿದ್ದ.

"ನೋವಾಗ್ಲಿಲ್ವಾ?"

"ಇಲ್ಲ ಕಣೇ" ಎಂದು ಅವನು ನಗಲು ನೋಡಿದ. ಅವಳು ನಗಲಿಲ್ಲ. ಕೈಯಲ್ಲಿದ್ದ ಗುಂಡಿಯ ಸೂಜಿಯನ್ನು ಅವನ ಇನ್ನೊಂದು ಅಂಗಾಲಿಗೆ ಮೆಲ್ಲಗೆ ಒತ್ತಿದಳು. ಇನ್ನೂ ಸ್ವಲ್ಪ ಒತ್ತಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ, ಅವಳು ಏನು ಮಾಡುತ್ತಿದ್ದಾಳೆಂದು ಗೊತ್ತಿಲ್ಲದೆ. ಅವಳು ಸೂಜಿ ಕೆಳಗಿಟ್ಟು ಅಳಿಯನಿಗೆ ಫೋನು ಮಾಡಿದಳು.

ಆಗಲೇ ಅಳಿಯನ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋದರು. ಗಾಯ ತೊಳೆದು ಕಟ್ಟಿದ ಮೇಲೆ ನರ್ಸಮ್ಮ ಮಂಚದ ತುದಿಯಲ್ಲಿ ಕೂತು, ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಅವರ ಕೈಯಲ್ಲಿ ಕೂದಲಿಗಿಂತ ತುಸು ದಪ್ಪನೆಯ ಪ್ಲಾಸ್ಟಿಕ್ ಎಳೆ ಇತ್ತು.

"ಇದರಲ್ಲಿ ಕಾಲು ಮುಟ್ತೀನಿ. ಮುಟ್ಟಿದಾಗಲೆಲ್ಲ ಹೂಂ ಅನ್ನಿ."

ಮೀಸೆಯಣ್ಣ ಕಣ್ಣು ಮುಚ್ಚಿದ. ಕಾದ. ಗೋಡೆಯ ಆಚೆ ಯಾರೋ ಕೆಮ್ಮಿದರು. ಇನ್ನೂ ಕಾದ. ಪಾಪ, ಏನೋ ಕೆಲಸ ಬಂದಿರಬೇಕು ಎಂದುಕೊಂಡು, "ಶುರು ಮಾಡಿ ಅಮ್ಮ, ನಾನು ತಯಾರಿದೀನಿ" ಎಂದ.

ಕಣ್ಣು ಬಿಟ್ಟು ನೋಡಿದರೆ ನರ್ಸಮ್ಮ ಎಳೆಯನ್ನು ಡಬ್ಬಿಗೆ ಹಾಕುತ್ತಿದ್ದರು. ಹೆಂಡತಿ ಕಿಟಕಿಯ ಕಡೆ ತಿರುಗಿದ್ದಳು.

ಡಾಕ್ಟರು ನಿಧಾನವಾಗಿ ಹೇಳಿದರು. ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ತಿಂದುಹಾಕಿದೆ. ಮೊದಲು ಉರಿ, ಆಮೇಲೆ ಏನೂ ಇಲ್ಲ. ಇದು ಸಾವಕಾಶವಾಗಿ ನಡೆದದ್ದು, ಬಿಗಿ ಜೋಡು ಕಷ್ಟವನ್ನು ಹೆಚ್ಚಿಸಿತು ಅಷ್ಟೆ.

"ಹಾಗಾದ್ರೆ ಜೋಡು ಮೆತ್ತಗಾಗಿರ್ಲಿಲ್ವಾ ಸಾರ್?"

"ಜೋಡು ಇದ್ದ ಹಾಗೇ ಇದೆ."

"ಹೋದ ಸ್ಪರ್ಶ ಮತ್ತೆ ಬರುತ್ತಾ?"

ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು. ಇನ್ನು ಮೋಜಡಿಯ ಹೆಸರೆತ್ತುವ ಹಾಗಿಲ್ಲ, ಅಗಲವಾದ ಮೆತ್ತನೆ ಪಾದರಕ್ಷೆ, ಬರಿಗಾಲಲ್ಲಿ ಮನೆಯೊಳಗೂ ನಡೆಯಬಾರದು, ದಿನಾ ಕಾಲು ನೋಡಿಕೊಳ್ಳಬೇಕು, ಮಾತ್ರೆ ತಪ್ಪಿಸಬಾರದು. ಎಲ್ಲದಕ್ಕೂ ಅವನು ಹೂಂಗುಟ್ಟಿದ. ವಾಪಸು ಬರುವಾಗ ಅಳಿಯ ಒಂದೇ ಒಂದು ಮಾತೂ ಆಡಲಿಲ್ಲ. ಮೀಸೆಯಣ್ಣನಿಗೆ ಹೆದರಿಕೆಯಾದದ್ದು ಅದರಿಂದಲೇ.

ಗಾಯ ಮಾಯಲಿಲ್ಲ. ಬೆರಳು ಕಪ್ಪಾಯಿತು, ಅದನ್ನು ತೆಗೆದರು. ತೆಗೆಯುವ ಮೊದಲು ಡಾಕ್ಟರು, "ಹೆಚ್ಚು ನೋವಾಗಲ್ಲ" ಎಂದರು. ಅವನಿಗೆ ಗೊತ್ತಿತ್ತು.

ಮ್ಯಾನೇಜರು ಹಣ್ಣು ಹಿಡಿದು ಮನೆಗೆ ಬಂದರು. ಕೂತರು, ಎದ್ದರು, ಮತ್ತೆ ಕೂತರು.

"ಬಾಗಿಲಿಗೆ ಆ ಡ್ರೆಸ್ಸೇ ಬೇಕು ಅಂತಾರೆ ಅಣ್ಣ. ಜೋಡು ಹಾಕೋಕಾಗದೇ ಇದ್ರೆ... ಕೆಳಗೆ ಲಾಂಡ್ರೀಲಿ ಕೂತು ಮಾಡೋ ಕೆಲಸ ಇದೆ. ಅಷ್ಟು ಮಾಡಿಸೋಕೆ ನನಗೆ ಸಾಕುಸಾಕಾಯ್ತು."

"ಬರ್ತೀನಿ ಸಾರ್" ಎಂದ ಮೀಸೆಯಣ್ಣ. ಬೇರೆ ಏನೆನ್ನಬೇಕು?

ಲಾಂಡ್ರಿ ನೆಲಮಾಳಿಗೆಯಲ್ಲಿತ್ತು. ಕಿಟಕಿಯಿಲ್ಲ, ಯಂತ್ರಗಳ ಗುಡುಗುಡು, ಎಲ್ಲೆಲ್ಲೂ ಬಿಸಿ ಆವಿ. ಟವೆಲುಗಳನ್ನು ಮಡಚಿ ಒಟ್ಟುವುದು ಅವನ ಪಾಲಿಗೆ ಬಂತು. ಆವಿಗೆ ಮೀಸೆ ಇಳಿಬಿತ್ತು. ತಿರುವಿ ನಿಲ್ಲಿಸುವುದನ್ನು ಅವನೂ ಬಿಟ್ಟ.

ಒಂದು ದಿನ ಊಟದ ಹೊತ್ತಿಗೆ ಮೆಟ್ಟಿಲಿಳಿದು ಒಬ್ಬ ಬಂದ. ಕೋಟು, ಸೊಂಟಪಟ್ಟಿ, ಪೇಟ, ಕಾಲಲ್ಲಿ ಹೊಸ ಕೊಕ್ಕಿನ ಜೋಡು. ಹಿಂದೆ ಬಸ್ ಕಂಡಕ್ಟರಾಗಿದ್ದನಂತೆ. ಮೀಸೆ ಸಾಲದೆ ಅಂಟಿಸಿಕೊಂಡದ್ದು, ಒಂದು ತುದಿ ಬಿಟ್ಟಿತ್ತು. ಟವೆಲಿನ ಗಂಟಿನ ಮೇಲೆ ಕುಸಿದು ಕೂತು ಜೋಡಿನಿಂದ ಹಿಮ್ಮಡಿಯನ್ನು ಹೊರಗೆಳೆದ. ಅವನಿಗೂ ಅದೇ ಜಾಗದಲ್ಲಿ ಬೊಕ್ಕೆ.

"ಅಣ್ಣಾ, ಮೊದಲು ನೀವೇ ನಿಲ್ತಿದ್ರಂತೆ. ಇದು ಕಚ್ಚೋದು ಯಾವಾಗ ನಿಲ್ಲುತ್ತೆ?"

ಮೀಸೆಯಣ್ಣ ಕೈಯಲ್ಲಿದ್ದ ಟವೆಲನ್ನು ಕೆಳಗಿಟ್ಟ.

"ನಿನಗೆ ಸಕ್ಕರೆ ಕಾಯಿಲೆ ಏನಾದ್ರೂ ಇದೆಯಾ?"

"ಯಾರಿಗೆ ಗೊತ್ತು? ಯಾವತ್ತೂ ನೋಡಿಸಿಲ್ಲ."

"ನೋಡಿಸು. ಜೋಡು ದೊಡ್ಡದು ಕೇಳು."

"ಕೇಳ್ದೆ ಅಣ್ಣ. ಫೋಟೋ ಹೋಗ್ಬಿಟ್ಟಿದೆ ಅಂದ್ರು."

ಹೇಳಬೇಕಾದ್ದು ಬೇಕಾದಷ್ಟಿತ್ತು, ಆದರೆ ಕೆಲಸ ಬಿಡು ಎನ್ನಲು ಬಾಯಿ ಬರಲಿಲ್ಲ. ತಾನು ಬಿಟ್ಟಿದ್ದನೇ? ಹರಿದ ಟವೆಲಿನಿಂದ ಮೆತ್ತನೆಯ ತುಂಡೊಂದನ್ನು ಕತ್ತರಿಸಿ, ಮಡಚಿ, ಅವನ ಹಿಮ್ಮಡಿಗೆ ತಾನೇ ಇಟ್ಟುಕೊಟ್ಟ. ಅವನು "ಸ್ಸ್" ಎಂದು ಹಲ್ಲು ಕಚ್ಚಿದ. ಮೇಲಿನಿಂದ ಯಾರೋ ಕೂಗಿದರು. ಅವನು ಮೀಸೆಯ ತುದಿಯನ್ನು ಒತ್ತಿಕೊಂಡು, ಕುಂಟುತ್ತ ಮೆಟ್ಟಿಲು ಹತ್ತಿದ.

ಈಗ ಮೀಸೆಯಣ್ಣ ಕೆಲಸದಿಂದ ಬಂದೊಡನೆ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂರುತ್ತಾನೆ. ಹೆಂಡತಿ ಬಕೆಟ್ಟಿನ ನೀರಿಗೆ ಮೊದಲು ತನ್ನ ಮೊಣಕೈ ಅದ್ದಿ ನೋಡುತ್ತಾಳೆ. ಕುದಿಯುವ ನೀರಾದರೂ ಅವನ ಕಾಲಿಗೆ ತಿಳಿಯದು. ತೊಳೆದು, ಬೆರಳ ಸಂದು ಒರೆಸಿ, ಕನ್ನಡಕ ಹಾಕಿಕೊಂಡು, ಪಾದವನ್ನು ಮಡಿಲಲ್ಲಿಟ್ಟು ಬೆಳಕಿಗೆ ತಿರುಗಿಸುತ್ತಾಳೆ. ಅಷ್ಟು ಹೊತ್ತೂ ಅವನು ಪರೀಕ್ಷೆಗೆ ಕೂತ ಹುಡುಗನಂತೆ ಉಸಿರು ಬಿಗಿಹಿಡಿದಿರುತ್ತಾನೆ. ಅವು ಅವನದೇ ಕಾಲುಗಳು. ಅವಕ್ಕೇನಾಗಿದೆ ಎಂದು ಅವನಿಗೆ ಅವಳೇ ಹೇಳಬೇಕು.

"ಏನಾದ್ರೂ ಇದೆಯೇನೇ?"

"ಇಲ್ಲ."

"ಸರಿಯಾಗಿ ನೋಡಿದ್ಯಾ? ಹಿಮ್ಮಡಿ?"

"ನೋಡ್ದೆ. ಏನೂ ಇಲ್ಲ."

ಹೆಚ್ಚಿನ ದಿನ ಇಷ್ಟೇ. ಮೊನ್ನೆ ಮಾತ್ರ ಅವಳು ಎಡಗಾಲಿನ ಕಿರುಬೆರಳನ್ನು ಬಿಡಿಸಿ ಹಿಡಿದು ಬೆಳಕಿಗೆ ಎತ್ತಿದಳು. ಕನ್ನಡಕವನ್ನು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

"ಯಾಕೇ? ಏನದು?"

"ಇರಿ, ಅಲ್ಲಾಡಬೇಡಿ" ಎಂದು ಅವಳು ಪಾದವನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.